ತಮ್ಮ ನಿದ್ದೆಗೆಟ್ಟ ಚಳಿಗಾಲ

ಆ ಚಳಿಗಾಲದಲ್ಲಿ ನನ್ನ ತಮ್ಮ ಒಣಗಲು ಬಿಟ್ಟಿದ್ದ ನಿಂಬೆ ಗಿಡಗಳಿಗೆ ನೀರು ಹಾಯಿಸಿಬಿಟ್ಟ. ಬೇರೆ ಕಡೆಯವರಿಗೆ ಇದು ದೊಡ್ಡ ತಪ್ಪೆಂದು ಅನ್ನಿಸಲಿಕ್ಕಿಲ್ಲ. ನಿಂಬೆಗೆ ಹೆಸರಾದ ಇಂಡಿ ಊರಿನ ಸುತ್ತಲಿನವರಿಗೆ ಇದರ ತೂಕ ಗೊತ್ತು. ಒಳ್ಳೆಯ ಹೂ ಬೇಕೆಂದರೆ ಗಿಡವನ್ನು ಕೆಲವು ವಾರ ಬಾಯಾರಿಸಬೇಕು. ಎಲೆ ಮುದುರಿ, ಒಂದಿಷ್ಟು ಉದುರಿ, ಗಿಡ ಸೊರಗಿದಂತೆ ಕಾಣುವವರೆಗೆ ತಡೆದು, ಆಮೇಲೆ ಗೊಬ್ಬರ ಹಾಕಿ ನೀರು ಬಿಟ್ಟರೆ ಕೊಂಬೆಯ ತುಂಬ ಹೂ ಕಚ್ಚುತ್ತದೆ. ಇದಕ್ಕೆ ಬಹಾರ ಹಿಡಿಯುವುದು ಎನ್ನುತ್ತಾರೆ. ನಡುವೆ ನೀರು ಬಿದ್ದರೆ ಗಿಡ ಹೂವನ್ನು ಮರೆತು ಬರೀ ಚಿಗುರತೊಡಗುತ್ತದೆ. ತಮ್ಮ ಮೀಸೆ ಮೂಡುವ ಮೊದಲೇ ಈ ಕೆಲಸ ಕಲಿತವನು. ತೋಟದ ಯಾವ ಪಟ್ಟಿ ಒಣಗುತ್ತಿದೆ, ಯಾವ ಪಟ್ಟಿ ಕುಡಿಯಬೇಕು ಎಂಬುದು ಅವನಿಗೆ ತನ್ನ ಅಂಗೈಯಷ್ಟು ಪರಿಚಯ. ಅಂಥವನು ಒಣಗುವ ಪಟ್ಟಿಗೆ ನೀರು ಬಿಟ್ಟು, ಕಾಯಿ ಹೊತ್ತ ಪಟ್ಟಿಯನ್ನು ಹಾಗೇ ಬಿಟ್ಟು, ಬೆಳಿಗ್ಗೆ ಹೆಂಡತಿ ಕೇಳಿದಾಗ ತಾನು ಆ ಪಟ್ಟಿಯ ನೀರಿನ ವಾಲ್ ಮುಟ್ಟಿಯೇ ಇಲ್ಲ ಎಂದು ವಾದ ಮಾಡಿದ್ದ.

ಸುದ್ದಿ ಮುಟ್ಟಿಸಿದವಳು ತಮ್ಮನ ಒಬ್ಬಳೇ ಮಗಳು. ಅವಳು ಬಸವನ ಬಾಗೇವಾಡಿಯಲ್ಲಿ ಶಾಲಾ ಶಿಕ್ಷಕಿ. ಮಾತು ನೇರ, ಅಳು ಕಡಿಮೆ. ಅಂದು ಫೋನಿನಲ್ಲಿ ಅವಳ ದನಿ ನಡುಗುತ್ತಿತ್ತು.

“ಅತ್ತೀ, ಅಪ್ಪಗ ಅಜ್ಜಂದ ರೋಗ ಬಂದೈತ್ರಿ.”

“ಯಾರು ಹೇಳಿದ್ರು? ಡಾಕ್ಟರಿಗೆ ತೋರಿಸೀರೇನು?”

“ತೋರಸೂದ ಏನೈತಿ? ಒಣಗಿಸಿದ ಪಟ್ಟಿಗೆ ನೀರ ಬಿಟ್ಟಾನ. ಹೋದ ವಾರ ಸಂತಿಗೆ ಮೋಟಾರ್ ಸೈಕಲ್ ಮ್ಯಾಲೆ ಹ್ವಾದಾಂವ, ಗಾಡಿ ಅಲ್ಲೇ ಬಿಟ್ಟು ಬಸ್ಸಿನ್ಯಾಗ ಮನಿಗೆ ಬಂದಾನ. ಗಾಡಿ ಎಲ್ಲಿ ಅಂತ ಅವ್ವ ಕೇಳಿದ ಮ್ಯಾಲೆ ನೆನಪಾಗೈತಿ.”

ಅಜ್ಜನ ರೋಗವೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮ ತಂದೆ ಕಡೆಗಾಲದಲ್ಲಿ ಉಂಡದ್ದನ್ನು ಮರೆತು ಮತ್ತೆ ಊಟ ಕೇಳುತ್ತಿದ್ದರು. ನನ್ನನ್ನು ತಮ್ಮದೇ ತಂಗಿ ಎಂದು ತಿಳಿದು, ಗಂಡನ ಮನೆಯಿಂದ ಯಾವಾಗ ಬಂದೆ ಎಂದು ವಿಚಾರಿಸುತ್ತಿದ್ದರು. ಅದನ್ನು ಕಂಡ ಮೇಲೆ ನಮ್ಮಲ್ಲಿ ಯಾರಾದರೂ ಚಾವಿ ಎಲ್ಲಿಟ್ಟೆ ಎಂದು ಹುಡುಕಿದರೂ ಉಳಿದವರು ಒಬ್ಬರ ಮುಖ ಒಬ್ಬರು ನೋಡುವಂತಾಗಿತ್ತು.

ಮಗಳು ಮತ್ತು ಅವಳ ತಾಯಿ ಆಗಲೇ ಒಂದು ನಿರ್ಧಾರಕ್ಕೆ ಬಂದಿದ್ದರು. ತೋಟವನ್ನು ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟು ಗಂಡ ಹೆಂಡತಿ ಬಾಗೇವಾಡಿಗೆ ಹೋಗುವುದು. ಪಕ್ಕದ ತೋಟದ ಮಾಲೀಕ, ತಮ್ಮನ ಬಾಲ್ಯದ ಗೆಳೆಯ, ಲಾವಣಿ ಮಾಡಲು ಒಪ್ಪಿದ್ದ. ಉಳಿದದ್ದು ಒಂದೇ: ಇನ್ನು ಈ ಕೆಲಸ ನಿನ್ನಿಂದ ಆಗದು ಎಂದು ತಮ್ಮನಿಗೆ ಹೇಳುವುದು. ಆ ಮಾತನ್ನು ನಾನು ಹೇಳಬೇಕಾಗಿತ್ತು. ಅಕ್ಕನ ಮಾತನ್ನು ಅವನು ಮೀರುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ನಾನು ಸರಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಈಗ ಮುದ್ದೇಬಿಹಾಳದಲ್ಲಿದ್ದೇನೆ. ನರ್ಸಿಂಗ್ ಶಾಲೆಯಲ್ಲಿ ಹಾಕಿಕೊಟ್ಟ ದಿನಚರಿ ಇನ್ನೂ ನನ್ನ ಮೈಯಲ್ಲಿದೆ. ಸೂರ್ಯ ಹುಟ್ಟುವ ಮೊದಲು ಏಳುವುದು, ಹಾಸಿಗೆಯ ಮೂಲೆಗಳನ್ನು ಮಡಚಿ ಬಿಗಿಯುವುದು, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ. ನೆರೆಮನೆಯವರು ನನ್ನ ದೀಪ ಆರಿದ್ದನ್ನು ನೋಡಿ ತಮ್ಮ ಮಕ್ಕಳನ್ನು ಮಲಗಿಸುತ್ತಾರೆ. ಫೋನು ಬಂದ ಮರುದಿನ ಮೊದಲ ಬಸ್ಸಿಗೆ ಹೊರಟೆ. ಬಾಗೇವಾಡಿಯಲ್ಲಿ ಮಗಳು ಹತ್ತಿದಳು. ಸಿಂದಗಿಯಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವಳು ಅಪ್ಪನ ತಪ್ಪುಗಳನ್ನೇ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ನನಗೂ ತಂದೆಯ ಮುಖವೇ ಕಣ್ಣೆದುರು ಬಂತು.

ತೋಟದ ಮನೆ ಇಂಡಿಯಿಂದ ಸ್ವಲ್ಪ ಆಚೆ. ಆಟೋದಿಂದ ಇಳಿಯುವಷ್ಟರಲ್ಲಿ ತಮ್ಮ ಓಡಿ ಬಂದು ನನ್ನ ಚೀಲ ಕಸಿದುಕೊಂಡ. ಸೊರಗಿದ್ದ, ಆದರೆ ಮಂಕಾಗಿರಲಿಲ್ಲ. ಕಣ್ಣುಗಳು ಅಗಲವಾಗಿದ್ದವು. ಮಾತು ಹರಳು ಹುರಿದಂತೆ. ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನೀರಿನ ತಂಬಿಗೆ ತಂದ, ಕುರ್ಚಿ ಒರೆಸಿದ, ಹೆಂಡತಿಗೆ ಚಹಾ ಮಾಡಲು ಹೇಳಿದ, ತಾನೇ ಒಳಗೆ ಹೋಗಿ ಪಾತ್ರೆ ಇಟ್ಟ, ಅದನ್ನು ಅಲ್ಲೇ ಬಿಟ್ಟು ಹೊರಗೆ ಬಂದ. ಮರೆವಿನ ರೋಗ ಹತ್ತಿದ ಮೊದಮೊದಲಿಗೆ ನಮ್ಮ ತಂದೆ ಹೀಗಿರಲಿಲ್ಲ. ಅವರು ಮೆತ್ತಗಾಗಿದ್ದರು, ಪ್ರಶ್ನೆ ಕೇಳಿದರೆ ಅಮ್ಮನ ಕಡೆ ನೋಡುತ್ತಿದ್ದರು.

“ಸೊರಗೀಯಲ್ಲೋ,” ಎಂದೆ.

“ಸೊರಗಲಿ ಬಿಡು. ನಾ ಎಂದೂ ಇಷ್ಟು ಚುರುಕ ಇದ್ದಿಲ್ಲ ಅಕ್ಕಾ. ರಾತ್ರಿ ನೀರ ಹಾಯಸ್ತೇನಿ, ಮುಂಜಾನಿ ಮಾರ್ಕೆಟ್ಟಿಗೆ ಹೋಗ್ತೇನಿ, ಮಧ್ಯಾಹ್ನ ಆಳುಗಳ ಜೋಡಿ ಇರ್ತೇನಿ. ನಿದ್ದಿ ಅಂಬೂದ ನನ್ನ ಕಂಡ್ರ ಅಂಜಿ ಓಡತೈತಿ.”

“ಮಲಗೂದು ಯಾವಾಗ?”

“ಆವಾಗ ಈವಾಗ.” ಅಷ್ಟರಲ್ಲಿ ಅವನ ಹೆಂಡತಿ ಚಹಾ ತಂದಳು. “ಆವಾಗ ಇಲ್ಲ, ಈವಾಗೂ ಇಲ್ಲ ಅಕ್ಕಾರ,” ಎಂದಳು. “ಗುಳಿಗಿ ನುಂಗತಾರ. ಬೇಕಾದ್ರ ಅವ್ರನ್ನ ಕೇಳ್ರಿ.”

ಮುಚ್ಚುಮರೆ ಏನೂ ಇರಲಿಲ್ಲ. ತಮ್ಮ ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ಕೈಗೆ ಕೊಟ್ಟ. ಕನ್ನಡಕ ಹಾಕಿಕೊಂಡು ಓದಿದೆ. ಮೊಡಾಫಿನಿಲ್. ನಿದ್ದೆ ತಡೆದು ಎಚ್ಚರವಾಗಿಡುವ ಔಷಧಿ. ನಿಂಬೆ ತುಂಬಿಕೊಂಡು ದೂರದ ಮಾರುಕಟ್ಟೆಗಳಿಗೆ ಹೋಗುವ ಲಾರಿಯ ಚಾಲಕನೊಬ್ಬ ಮೊದಲು ಕೊಟ್ಟನಂತೆ. ಆಮೇಲೆ ಅವನ ಕೈಯಲ್ಲೇ ತರಿಸಿಕೊಳ್ಳುತ್ತಿದ್ದನಂತೆ.

“ಡಾಕ್ಟರ ಚೀಟಿ ಇಲ್ಲದ ಇದನ್ನ ನುಂಗಬಾರದು,” ಎಂದೆ.

“ಚಹಾಕ್ಕ ಚೀಟಿ ಬೇಕೇನು? ಇದೂ ಚಹಾದಂಗ. ಸ್ವಲ್ಪ ಜೋರೈತಿ, ಅಷ್ಟ.”

ಮನೆಯವರೆಲ್ಲ ಗುಳಿಗೆಯನ್ನು ನೋಡಿದ್ದರು. ಯಾರಿಗೂ ಅದರ ಮೇಲೆ ಅನುಮಾನ ಬಂದಿರಲಿಲ್ಲ. ಅವರು ಹೆದರಿದ್ದು ಮರೆವಿಗೆ. ಮರೆಯುವವನು ಮಬ್ಬಾಗಿರಬೇಕು, ಇವನು ಗುಳಿಗೆ ನುಂಗಿ ಚುರುಕಾಗುತ್ತಿದ್ದ. ಹಾಗಾಗಿ ಗುಳಿಗೆಯೊಂದೇ ಅವನಿಗೆ ಒಳ್ಳೆಯದು ಮಾಡುತ್ತಿದೆ ಎಂದೇ ತಿಳಿದಿದ್ದರು.

ಆ ಮನೆಯಲ್ಲಿ ನಿದ್ದೆ ಕೆಟ್ಟದ್ದು ಹೇಗೆ ಎಂಬುದನ್ನೂ ಹೇಳಬೇಕು. ನೀರೆತ್ತುವ ಮೋಟಾರಿಗೆ ಬೇಕಾದ ಥ್ರೀ ಫೇಸ್ ಕರೆಂಟು ಅಲ್ಲಿ ಒಂದು ವಾರ ಹಗಲು, ಮುಂದಿನ ವಾರ ರಾತ್ರಿ ಬರುತ್ತದೆ. ಮೋಟಾರು ತಾನಾಗಿ ಶುರುವಾಗುವ ಯಂತ್ರವಿದೆ, ನಿಜ. ಆದರೆ ಒಂದು ಪಟ್ಟಿ ಕುಡಿದ ಮೇಲೆ ಅದರ ವಾಲ್ ಮುಚ್ಚಿ ಇನ್ನೊಂದನ್ನು ತೆರೆಯಲು ಮನುಷ್ಯನೇ ಹೋಗಬೇಕು. ಬಹಳ ವರ್ಷ ಆ ಕೆಲಸವನ್ನು ತೋಟದಲ್ಲೇ ಇದ್ದ ಒಂದು ಕುಟುಂಬ ಮಾಡುತ್ತಿತ್ತು. ಆ ವರ್ಷ ಅವರ ಸ್ವಂತ ಹೊಲಕ್ಕೆ ಕಾಲುವೆಯ ನೀರು ಬಂತು. ಆ ಗಂಡ ಹೆಂಡತಿ ಸಂತೋಷದಿಂದ ಸ್ವಂತ ಊರು ಕನ್ನೊಳ್ಳಿಗೆ ಮರಳಿದರು. ತಮ್ಮನೇ ಅವರ ಸಾಮಾನು ತನ್ನ ಟ್ರ್ಯಾಕ್ಟರಿನಲ್ಲಿ ಮುಟ್ಟಿಸಿ ಬಂದ. ಅಂದಿನಿಂದ ರಾತ್ರಿಯ ಪಾಳಿಯೂ ಅವನದೇ, ಹಗಲಿನ ವ್ಯವಹಾರವೂ ಅವನದೇ. ಮೈ ರಾತ್ರಿಗೆ ಒಗ್ಗುವಷ್ಟರಲ್ಲಿ ಪಾಳಿ ಹಗಲಿಗೆ ತಿರುಗುತ್ತಿತ್ತು.

ಇದು ನನಗೆ ತಿಳಿಯದ ವಿಷಯವಲ್ಲ. ರಾತ್ರಿ ಪಾಳಿಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ನಮಗೆ ಕಲಿಸಿದ ಮೇಟ್ರನ್ ಬಾಯಿ ರಾತ್ರಿ ಪಾಳಿ ಮುಗಿಸಿದವರ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಸುತ್ತಿದ್ದರು. ಬೆಳಿಗ್ಗೆ ಯಾರಾದರೂ ಬಟ್ಟೆ ಒಗೆಯುತ್ತಲೋ ಹರಟುತ್ತಲೋ ಕಂಡರೆ, ಪಾಳಿ ತಪ್ಪಿಸಿದವರಿಗೆ ಬೈಯುವಂತೆ ಬೈಯುತ್ತಿದ್ದರು. ಮಲಗುವುದೂ ಡ್ಯೂಟಿಯೇ ಎಂಬುದು ಅವರ ಪಾಠ. ಔಷಧಿಯ ಚೀಟಿಯನ್ನು ಬಾಟಲಿ ತೆಗೆಯುವಾಗ ಒಮ್ಮೆ, ಸುರಿಯುವಾಗ ಒಮ್ಮೆ, ತಿರುಗಿ ಇಡುವಾಗ ಒಮ್ಮೆ ಓದಬೇಕೆಂದು ಕಲಿಸಿದವರೂ ಅವರೇ. ಅದು ಯಾಕೆಂದು ನನಗೆ ಅರ್ಥವಾದದ್ದು ಬಹಳ ದಿನಗಳ ಮೇಲೆ. ಸಾಲು ಸಾಲು ರಾತ್ರಿ ಪಾಳಿ ಮಾಡಿದ ಒಂದು ನಸುಕಿನಲ್ಲಿ ಔಷಧಿಯ ಕಪಾಟಿನ ಮುಂದೆ ನಿಂತಿದ್ದೆ. ಕಣ್ಣು ತೆರೆದೇ ಇತ್ತು. ಅಕ್ಷರಗಳು ಕಾಣುತ್ತಿದ್ದವು. ಅವು ಕೂಡಿ ಹೆಸರಾಗುತ್ತಿರಲಿಲ್ಲ. ಮೂರನೆಯ ಸಲ ಓದಿದಾಗ ಹೆಸರು ತಟ್ಟನೆ ಹೊಳೆಯಿತು. ಮೊದಲ ಎರಡು ಸಲ ಓದಿದವಳು ಯಾರು ಎಂದು ಇಂದಿಗೂ ಅನ್ನಿಸುತ್ತದೆ.

ಆ ದಿನ ಮಧ್ಯಾಹ್ನ ಅಂಗಳದಲ್ಲಿ ನಿಂಬೆ ಹಣ್ಣು ರಾಶಿ ಹಾಕಿದ್ದರು. ಮಾರುಕಟ್ಟೆಗೆ ಕಳಿಸುವ ಮೊದಲು ದಪ್ಪ, ನಡುತರ, ಸಣ್ಣದು ಎಂದು ಬೇರ್ಪಡಿಸಿ ಚೀಲಕ್ಕೆ ತುಂಬಬೇಕು. ತಮ್ಮ ಈ ಕೆಲಸದಲ್ಲಿ ಪಳಗಿದವನು. ಮಾತನಾಡುತ್ತಲೇ ಎರಡೂ ಕೈಯಿಂದ ಆರಿಸಿ ಎಸೆಯುತ್ತಾನೆ. ನಾನು ಎದುರು ಕೂತು ನೋಡಿದೆ. ಸ್ವಲ್ಪ ಹೊತ್ತು ಕೈ ಸರಿಯಾಗಿ ನಡೆಯಿತು. ಆಮೇಲೆ ಒಂದು ಕ್ಷಣ ನಿಂತಂತಾಯಿತು, ರೆಪ್ಪೆ ಮುಚ್ಚಲಿಲ್ಲ, ನೋಟ ಮಾತ್ರ ಎಲ್ಲಿಯೋ ಹೋಯಿತು. ಮತ್ತೆ ಕೈ ಹೊರಟಿತು. ಆದರೆ ಸಣ್ಣ ಹಣ್ಣು ದಪ್ಪ ಹಣ್ಣಿನ ರಾಶಿಗೆ ಬೀಳತೊಡಗಿತು.

“ಎಲ್ಲಾ ಸರಿ ಬೀಳಾಕತ್ತಾವೇನು?” ಎಂದೆ.

“ಕಣ್ಣ ಕಟ್ಟಿದ್ರೂ ನಾ ತಪ್ಪೂದಿಲ್ಲ.”

ಹೆಂಡತಿ ದಪ್ಪ ಹಣ್ಣಿನ ರಾಶಿಯಿಂದ ಗೋಟಡಿಕೆಯಂಥ ಸಣ್ಣ ಕಾಯೊಂದನ್ನು ಎತ್ತಿ ತೋರಿಸಿದಳು. “ಇದ್ಯಾರು ಹಾಕಿದ್ರು? ನಮ್ಮ ಮಾವನಾರು ಬಂದು ಹಾಕಿದ್ರೇನು?” ತಮಾಷೆಗೆ ಅಂದದ್ದು. ಆದರೆ ಮಾವನ ಹೆಸರು ಬಂದೊಡನೆ ಯಾರೂ ನಗಲಿಲ್ಲ. ತಮ್ಮನ ಮುಖ ಸಪ್ಪಗಾಯಿತು. ಮಗಳು ನನ್ನ ಕಡೆ ನೋಡಿದಳು. ಈಗ ಹೇಳಿರಿ ಎನ್ನುವ ನೋಟ.

ನಾನು ಹೇಳಲಿಲ್ಲ. ನನಗೆ ತಂದೆಯದೇ ಇನ್ನೊಂದು ಸಂಗತಿ ನೆನಪಾಗಿತ್ತು. ಮಕ್ಕಳ ಹೆಸರು ಮರೆತ ದಿನಗಳಲ್ಲೂ ಇದೇ ಅಂಗಳದಲ್ಲಿ ಅವರ ಮುಂದೆ ಹಣ್ಣು ಸುರಿದರೆ, ಕೈ ತಾನಾಗಿ ದಪ್ಪದ್ದನ್ನು ದಪ್ಪದ್ದಕ್ಕೆ, ಸಣ್ಣದನ್ನು ಸಣ್ಣದಕ್ಕೆ ಹಾಕುತ್ತಿತ್ತು. ಹೊಸ ಮಾತು ಅವರಲ್ಲಿ ನಿಲ್ಲುತ್ತಿರಲಿಲ್ಲ. ಹಳೆಯ ಕೆಲಸ ಉಳಿದಿತ್ತು. ತಮ್ಮನದು ಉಲ್ಟಾ. ಬಂದೊಡನೆ ನಾನು ಬಸ್ಸಿನ ಬಗ್ಗೆ ಆಡಿದ ಮಾತೆಲ್ಲ ಅವನಿಗೆ ನೆನಪಿತ್ತು. ಜನ್ಮವಿಡೀ ಮಾಡಿದ ಕೆಲಸದಲ್ಲಿ ಕೈ ತಪ್ಪುತ್ತಿತ್ತು.

“ಒಳಗ ಹೋಗಿ ಮಲಗು,” ಎಂದೆ. ಬೇಡವೆಂದ. ವಾರ್ಡಿನಲ್ಲಿ ಬಳಸುತ್ತಿದ್ದ ದನಿ ತೆಗೆದೆ. ಹೋದ. ಗುಳಿಗೆಯ ಬಲ ಇಳಿಯತೊಡಗಿತ್ತೇನೋ, ಗೋಡೆಗೆ ತಲೆ ಆನಿಸಿದವನು ಹಾಗೇ ಜಾರಿ ಮಲಗಿದ. ಹೊತ್ತು ಇಳಿದ ಮೇಲೆ ಎದ್ದು ಬಂದು ಉಳಿದ ರಾಶಿಯ ಮುಂದೆ ಕೂತ. ಅಂದು ಉಳಿದ ಹಣ್ಣಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ನಾನು ನೋಡಿದ ಮರೆವಿನ ರೋಗ ಹೀಗೆ ಒಂದು ನಿದ್ದೆಗೆ ಜಗ್ಗುವಂಥದ್ದಲ್ಲ. ಆದರೆ ನಾನು ಡಾಕ್ಟರಲ್ಲ. ಅನುಮಾನ ಬೇರೆ, ರೋಗನಿರ್ಣಯ ಬೇರೆ.

ಸಂಜೆ ಲಾವಣಿಯ ಮಾತಿಗೆ ಪಕ್ಕದ ತೋಟದ ಗೆಳೆಯ ಬಂದ. ಅವನ ಅಜ್ಜ, ನಮ್ಮ ಅಜ್ಜ ಒಂದೇ ಬಾವಿಯ ನೀರು ಹಂಚಿಕೊಂಡವರು. ಇದು ಮರೆವಿನ ರೋಗವಲ್ಲ, ನಿದ್ದೆಗೇಡು ಇರಬಹುದೆಂಬ ನನ್ನ ಅನುಮಾನ ಕೇಳಿ ಗಡ್ಡ ನೀವಿಕೊಂಡ.

“ಅಕ್ಕಾರ, ಲಾವಣಿ ನಾ ಮಾಡ್ತೇನಿ, ಖರೆ. ಆದ್ರ ನಿದ್ದಿಗಣ್ಣಾಗಿನ ಮನಶ್ಯಾನ ಕಡಿಂದ ತೋಟ ಇಸಗೊಂಡ್ರ ನಾಳೆ ಊರಾಗ ಮಾರಿ ಹೆಂಗ ತೋರಸ್ಲಿ? ಮೊದಲ ಡಾಕ್ಟರಿಗೆ ತೋರಸ್ರಿ. ಅಲ್ಲೀತನಕ ರಾತ್ರಿ ನೀರ ನನ್ನ ಆಳುಗಳು ನೋಡ್ತಾರ.”

“ಲೇ, ನಿನ್ನ ಆಳುಗಳಿಗೆ ನನ್ನ ವಾಲ್ ಗೊತ್ತಿಲ್ಲ,” ಎಂದ ತಮ್ಮ.

“ನಿನಗೂ ಗೊತ್ತಿಲ್ಲಲ್ಲೋ ರಾಯಾ. ಅಂದ ಮ್ಯಾಲೆ ಏನ ಫರಕ ಬಿತ್ತು?”

ಈ ಸಲ ಎಲ್ಲರೂ ನಕ್ಕರು, ತಮ್ಮನೂ ಸೇರಿ. ಮಗಳು ಮಾತ್ರ ನಗಲಿಲ್ಲ.

ತಮ್ಮನನ್ನು ವಿಜಯಪುರಕ್ಕೆ ಕರೆದೊಯ್ದೆವು. ಅಲ್ಲಿ ಮೆದುಳು ನರದ ರೋಗಗಳನ್ನು ನೋಡುವ ಡಾಕ್ಟರು ಚಿಕ್ಕ ವಯಸ್ಸಿನವಳು, ನಾಲತವಾಡದ ಹೆಣ್ಣುಮಗಳು. ರಕ್ತ ಪರೀಕ್ಷೆ ಮಾಡಿಸಿದಳು, ತಲೆಯ ಸ್ಕ್ಯಾನ್ ಮಾಡಿಸಿದಳು. ಕೆಲವು ಶಬ್ದ ಹೇಳಿ ನೆನಪಿಡಲು ಹೇಳಿದಳು. ಕೊನೆಗೆ ಕಂಪ್ಯೂಟರಿನ ಮುಂದೆ ಕೂಡಿಸಿ, ಪರದೆಯ ಮೇಲೆ ಕೆಂಪು ಚುಕ್ಕಿ ಬಂದಾಗೊಮ್ಮೆ ಗುಂಡಿ ಒತ್ತಲು ಹೇಳಿದಳು. ಚುಕ್ಕಿ ಯಾವಾಗ ಬರುತ್ತದೆ ಎಂದು ಹೇಳಲು ಬರುವುದಿಲ್ಲ, ಕಾಯುತ್ತ ಕೂಡಬೇಕು. ತಮ್ಮ ಮೊದಲಿಗೆ ಪಟಪಟನೆ ಒತ್ತಿದ. ಆಮೇಲೆ ಚುಕ್ಕಿಗಳು ಬಂದು ಅವನ ತೆರೆದ ಕಣ್ಣಿನ ಮುಂದೆಯೇ ಹೋಗತೊಡಗಿದವು.

“ಹೆಂಗಾತ್ರಿ ಕಾಕಾರ?” ಎಂದಳು ಡಾಕ್ಟರು.

“ಒಂದೂ ಬಿಟ್ಟಿಲ್ಲವಾ.”

ಅವಳು ಅವನನ್ನು ತಿದ್ದಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಮಾತನಾಡಿದಳು. “ನಿದ್ದಿಗೆಟ್ಟ ಮೆದುಳು ಪೂರಾ ಎಚ್ಚರ ಇರೂದಿಲ್ರಿ. ಕಣ್ಣ ತೆರೆದಿರತಾವ, ಕಾಲ ನಡೀತಿರತಾವ, ಒಳಗ ಸಣ್ಣ ಸಣ್ಣ ಭಾಗ ಒಂದೊಂದ ಕ್ಷಣ ಮಲಗಿ ಏಳತಿರತಾವ. ಅದರಾಗ ಗಮನ ಇಡೂ ಭಾಗ, ಸರಿ ತಪ್ಪು ತೂಗೂ ಭಾಗಕ್ಕ ದಣಿವು ಭಾಳ ತಟ್ಟತೈತಿ. ಹಗಲ ಕಂಡದ್ದನ್ನ ಮೆದುಳು ನಿದ್ದಿಯೊಳಗ ಹೊಂದಿಸಿ ಇಡತೈತಿ. ನಿದ್ದಿನ ಇಲ್ಲಾಂದ್ರ, ವಾಲ್ ತಿರುವಿದ್ದು ನೆನಪಿನ್ಯಾಗ ಕೂಡೂದರ ಹೆಂಗ?”

“ಗುಳಿಗಿ ನುಂಗಿದ್ರ ನಿದ್ದಿ ಬರೂದಿಲ್ಲಲ್ಲ?”

“ಬರೂದಿಲ್ಲ ನೋಡ್ರಿ, ಅದ ತೊಂದ್ರಿ. ಎಚ್ಚರ ಇಡೂ ರಸಾಯನ ಮೆದುಳಿನ್ಯಾಗ ಹೆಚ್ಚು ಹೊತ್ತು ಉಳಿಯೂಹಂಗ ಮಾಡತೈತಿ ಗುಳಿಗಿ. ಸ್ವಲ್ಪ ಹೊತ್ತು ಗಮನಾನೂ ಸುಧಾರಸ್ತೈತಿ. ಆದ್ರ ನಿದ್ದಿ ಮಾಡೂ ಕೆಲಸ ಅದು ಮಾಡೂದಿಲ್ಲ. ದಣಿವು ಒಳಗ ಹಂಗ ಇರತೈತಿ, ದಣಿದೇನಿ ಅಂಬೂ ಸುದ್ದಿ ಮಾತ್ರ ನಿಮಗ ಮುಟ್ಟೂದಿಲ್ಲ. ಎಲ್ಲಾ ಸರಿ ಮಾಡಾಕತ್ತೇನಿ ಅಂತ ಅನಸ್ತೈತಿ.”

“ಅಂದ್ರ ಕಳ್ಳ ಗುಳಿಗಿ ಅನ್ನು.”

“ಕಳ್ಳ ಅಲ್ರಿ. ಹಗಲ ಹೊತ್ತು ತಡೀಲಾರದ ನಿದ್ದಿ ಬರೂ ರೋಗದವ್ರಿಗೆ ನಾನ ಬರದ ಕೊಡ್ತೇನಿ. ಅದರಿಂದ ಅವ್ರು ನಾಕ ಮಂದಿಯಂಗ ಬದಕ್ತಾರ. ನೀವು ನಿದ್ದಿ ಬದಲಿ ಅದನ್ನ ತಿಂದ್ರಿ.”

ತಮ್ಮ ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡ. “ಬಾವ್ಯಾಗ ನೀರಿಲ್ಲ, ಮೋಟಾರ ತಿರಗಾಕತ್ತೈತಿ ಅಂದಂಗಾತು.”

“ಹಂಗ ತಿರಗಿದ್ರ ಏನಾಗತೈತ್ರಿ?”

“ಸುಟ್ಟ ಹೋಗತೈತಿ.”

“ಮೆದುಳು ಹಂಗ ಸುಡೂದಿಲ್ರಿ, ಅಂಜಬ್ಯಾಡ್ರಿ. ನೀರಂತೂ ಬರೂದಿಲ್ಲ.”

ಮಗಳು ತಡೆಯಲಾರದೆ ಕೇಳಿದಳು. “ಅಂದ್ರ ಅಪ್ಪಗ ಅಜ್ಜನ ರೋಗ ಇಲ್ಲೇನ್ರಿ?”

ಡಾಕ್ಟರು ಸುಳ್ಳು ಸಮಾಧಾನ ಹೇಳಲಿಲ್ಲ. ಸ್ಕ್ಯಾನ್ ವಯಸ್ಸಿಗೆ ತಕ್ಕಂತಿದೆ, ಆದರೆ ಇಷ್ಟು ನಿದ್ದೆಗೆಟ್ಟವರ ನೆನಪನ್ನು ಅಳೆದು ರೋಗ ಇದೆ ಎಂದೂ, ಇಲ್ಲವೆಂದೂ ಹೇಳಲು ಬರುವುದಿಲ್ಲ ಎಂದಳು. ಗುಳಿಗೆ ಬಿಟ್ಟು, ಕೆಲವು ವಾರ ರಾತ್ರಿ ಹೊತ್ತು ತುಂಬ ಮಲಗಿ, ಆಮೇಲೆ ತಿರುಗಿ ಬರಬೇಕು. ಅಲ್ಲಿಯವರೆಗೆ ಅವರ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬೇಡಿರಿ ಎಂದು ಮಗಳಿಗೆ ಬೇರೆಯಾಗಿ ಹೇಳಿದಳು.

ನಾನು ಮುದ್ದೇಬಿಹಾಳಕ್ಕೆ ಮರಳಲಿಲ್ಲ. ತೋಟದ ಮನೆಯನ್ನೇ ವಾರ್ಡು ಮಾಡಿಕೊಂಡೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಸಿದೆ. ಮಧ್ಯಾಹ್ನದ ಮೇಲೆ ಚಹಾ ಬಂದ್. ದೀಪ ಹಚ್ಚುವ ಹೊತ್ತಿಗೆ ಊಟ. ಊಟವಾದ ಮೇಲೆ ಮೊಬೈಲು ನನ್ನ ಕೈಗೆ. ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಎದ್ದು ಬಿಸಿಲಿನಲ್ಲಿ ತೋಟ ಸುತ್ತುವುದು.

“ಅಕ್ಕಾರ ಬಂದ ಮ್ಯಾಲೆ ಮನಿ ದವಾಖಾನಿ ಆತು,” ಎಂದಳು ತಮ್ಮನ ಹೆಂಡತಿ.

“ದವಾಖಾನ್ಯಾಗ ಡಿಸ್ಚಾರ್ಜ್ ಅಂತ ಒಂದಿರತೈತಿ,” ಎಂದ ತಮ್ಮ. “ಇಲ್ಲಿ ಅದೂ ಇಲ್ಲ.”

ಮೊದಲ ದಿನಗಳಲ್ಲಿ ಅವನು ಮಲಗಿದ್ದನ್ನು ನೋಡಿ ಹೆಂಡತಿ ಹೆದರಿದಳು. ಊಟಕ್ಕೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಆಮೇಲಿನ ದಿನಗಳು ಅದಕ್ಕಿಂತ ಕಠಿಣವಾದವು. ಗುಳಿಗೆಯ ಚುರುಕು ಹೋಗಿತ್ತು. ಮಬ್ಬು ಮುಖ, ಸಣ್ಣದಕ್ಕೂ ಸಿಡುಕು. ಆಳುಗಳಿಗೆ ಬೈದ, ಸಾರಿಗೆ ಉಪ್ಪು ಕಡಿಮೆ ಎಂದು ತಟ್ಟೆ ಸರಿಸಿದ. ಗುಳಿಗೆ ಇದ್ದಾಗಲೇ ನೆಟ್ಟಗಿದ್ದೆ ಎಂದು ಗೊಣಗಿದ. ಮಗಳು ಫೋನು ಮಾಡಿದಾಗಲೆಲ್ಲ ಹೇಗಿದ್ದಾನೆ ಎಂದು ಕೇಳುತ್ತಿದ್ದಳು. ನೋಡೋಣ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ತೋಟ ಸುತ್ತುವಾಗ ಬದುವಿನ ಮೇಲೆ ಕೂತುಬಿಟ್ಟ. ನಾನೂ ಕೂತೆ. ಎದುರಿಗೆ ಅವನು ತಪ್ಪಿ ನೀರು ಬಿಟ್ಟ ಪಟ್ಟಿ ಹಸಿರಾಗಿ ಚಿಗುರಿ ನಿಂತಿತ್ತು.

“ಅಕ್ಕಾ, ಈ ಗುಳಿಗಿ ನಾ ಬರೇ ನೀರಿನ ಸಲುವಾಗಿ ನುಂಗಲಿಲ್ಲ.”

“ಮತ್ತ?”

“ಕನ್ನೊಳ್ಳ್ಯಾವ್ರು ಹ್ವಾದ ಮ್ಯಾಲೆ ಒಂದಿಷ್ಟ ದಿನಕ್ಕ ನನಗ ಹೆಸರು ಮರೀಯಾಕ ಹತ್ತಿದ್ವು. ಹಣ್ಣ ತಗೊಳ್ಳೂ ಸಾಹುಕಾರನ ಹೆಸರ ಬಾಯಿಗೆ ಬರವಲ್ದು. ಅಪ್ಪನ ಪಾಳಿ ಬಂತು ಅಂತ ಎದಿ ಧಸಕ್ ಅಂತು. ಆವಾಗ ಆ ಡ್ರೈವರ ಇದನ್ನ ಕೊಟ್ಟ. ನುಂಗಿದ ದಿನ ತಲಿಯೊಳಗ ದೀಪ ಹಚ್ಚಿದಂಗಾತು. ಮರೆವು ಹೋತು ಅಂತ ತಿಳಕೊಂಡೆ. ಅದಕ್ಕ ಬಿಡಲಿಲ್ಲ.”

ನಿದ್ದೆಯಿಲ್ಲದೆ ಮರೆವು, ಮರೆವಿಗೆ ಹೆದರಿ ಗುಳಿಗೆ, ಗುಳಿಗೆ ನುಂಗಿ ಇನ್ನಷ್ಟು ನಿದ್ದೆಗೇಡು. ಇವನು ಇದನ್ನೆಲ್ಲ ಒಬ್ಬನೇ ಹೊತ್ತುಕೊಂಡು ಎಲ್ಲರೆದುರು ಚುರುಕಾಗಿ ಓಡಾಡಿದ್ದ.

“ಹೇಂತಿಗೆ ಹೇಳಬೇಕಿತ್ತು,” ಎಂದೆ.

“ಅಕಿ ಅಪ್ಪನ ಸೇವಾ ಮಾಡಿದಾಕಿ. ಮತ್ತ ಅದನ್ನ ಮಾಡು ಅಂತ ಹೆಂಗ ಹೇಳ್ಲಿ?” ಕೈಯಲ್ಲಿದ್ದ ಒಣ ಕಡ್ಡಿಯನ್ನು ಮುರಿಯುತ್ತ ಕೇಳಿದ. “ಇಷ್ಟೆಲ್ಲಾ ಮಲಗಿದ ಮ್ಯಾಲೂ ನಾ ತಪ್ಪಿದ್ರ?”

“ತಪ್ಪಿದ್ರ ರೋಗ ಅಂತ ತಿಳಿಯೂಣು. ರೋಗ ಬಂದಾವ್ರನ್ನ ನಾ ಎಂದರ ಮನಿಯಿಂದ ಹೊರಗ ಹಾಕೇನೇನು?”

ಅವನು ನಕ್ಕ. ಎದ್ದು ನಡೆದ. ನನ್ನ ಉತ್ತರದಿಂದ ಅವನ ಹೆದರಿಕೆ ಹೋಯಿತೆಂದು ನಾನು ಹೇಳಲಾರೆ. ಆದರೆ ಅಂದು ಸಂಜೆ ಅವನೇ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ದಿನ ಕಳೆದಂತೆ ಸಿಡುಕು ಇಳಿಯಿತು. ಬೆಳಿಗ್ಗೆ ತೋಟ ಸುತ್ತುವಾಗ ಯಾವ ಗಿಡಕ್ಕೆ ಕಾಂಡ ಕೊರೆಯುವ ಹುಳ ಬಿದ್ದಿದೆ, ಯಾವುದನ್ನು ಯಾವ ಮಳೆಗಾಲದಲ್ಲಿ ನೆಟ್ಟದ್ದು ಎಂದು ತಾನಾಗಿ ಹೇಳತೊಡಗಿದ. ಮತ್ತೆ ವಿಜಯಪುರಕ್ಕೆ ಹೋಗುವ ದಿನ ಬಂದಾಗ ಮಗಳು ಶಾಲೆಗೆ ರಜೆ ಹಾಕಿ ಬಂದಳು. ಕಂಪ್ಯೂಟರಿನ ಮುಂದೆ ಕೂತ ತಮ್ಮ ಈ ಸಲ ಪಟಪಟನೆ ಒತ್ತಲಿಲ್ಲ. ನಿಧಾನವಾಗಿ ಒತ್ತಿದ. ಎದ್ದು ಬಂದು, “ನಡುವ ಒಂದೆರಡು ತಪ್ಪಿದಂಗ ಅನಸ್ತು ನೋಡವಾ,” ಎಂದ.

ಡಾಕ್ಟರು ಪರದೆ ನೋಡಿ ತಲೆಯಾಡಿಸಿದಳು. “ಅಷ್ಟ ತಪ್ಯಾವ್ರಿ. ನಿಮಗ ಅದು ತಿಳೀತಲ್ಲ, ನನಗ ಅದ ದೊಡ್ಡದು.” ಶಬ್ದಗಳ ಪರೀಕ್ಷೆಯಲ್ಲೂ ಅವನ ವಯಸ್ಸಿನವರಿಗೆ ಇರಬೇಕಾದಷ್ಟು ನೆನಪಿತ್ತು. ಈಗ ಮರೆವಿನ ರೋಗದ ಲಕ್ಷಣ ಕಾಣುವುದಿಲ್ಲ, ವರ್ಷಕ್ಕೊಮ್ಮೆ ತೋರಿಸಿರಿ ಎಂದಳು. ತಮ್ಮನ ಹೆಂಡತಿ ಅಲ್ಲೇ ಕೈಮುಗಿದಳು. ಮಗಳು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಲಾವಣಿಯ ಮಾತು ಇನ್ನೂ ಉಳಿದಿತ್ತು. ಮರುದಿನ ಗೆಳೆಯ ಬಂದು ಅಂಗಳದಲ್ಲಿ ಕೂತ. ಎಲ್ಲರೂ ನನ್ನ ಕಡೆ ನೋಡಿದರು. ನಾನು ತಮ್ಮನ ಕಡೆ ನೋಡಿದೆ.

“ಮೂಡಲದ ಪಟ್ಟಿ, ಬಾವಿ ಆಚೆಯ ಪಟ್ಟಿ ನೀ ಮಾಡು,” ಎಂದು ತಮ್ಮ ಗೆಳೆಯನಿಗೆ ಹೇಳಿದ. “ಉಳಿದದ್ದು ನನಗಿರಲಿ. ಅಷ್ಟಾದ್ರ ಹಗಲ ಕರೆಂಟಿನ ವಾರದಾಗ ಮುಗೀತೈತಿ. ರಾತ್ರಿ ನಾ ತೋಟಕ್ಕ ಇಳಿಯೂದಿಲ್ಲ.”

“ಮೂಡಲದ್ದು ಮುದಿ ಗಿಡ. ಒಳ್ಳೇದು ನೀ ಇಟಗೊಂಡು ನನಗ ಮುದಕರನ್ನ ಕೊಡ್ತಿ?”

“ಮುದಕರಲ್ಲ. ನಡುವಿನ ಸಾಲಷ್ಟ ನಮ್ಮಪ್ಪ ಹಚ್ಚಿದ್ದು. ಆಚೀಚಿನವು ನಾ ಹಚ್ಚಿದ್ದು, ನೀನ ಸಸಿ ತಂದು ಕೊಟ್ಟಿದ್ದಿ. ಬಾಡಿಗಿ ಗಾಡಿ ಕೆಟ್ಟು ಸಿಂದಗಿ ರೋಡಿನ್ಯಾಗ ಇಬ್ರೂ ದಿನ ಪೂರ್ತಿ ಕುಂತಿದ್ವಿ. ಮರತಿಯೇನು?”

ಗೆಳೆಯ ತಲೆ ಕೆರೆದುಕೊಂಡು ಮಗಳ ಕಡೆ ತಿರುಗಿದ. “ಯವ್ವಾ, ನನ್ನನ್ನ ಯಾರರ ಡಾಕ್ಟರಿಗೆ ತೋರಸ್ರಿ. ನನಗ ನೆನಪಿಲ್ಲ.”

ಮಗಳು ನಕ್ಕಳು. ಅವಳು ನಗುವುದನ್ನು ಕೇಳಿ ಬಹಳ ದಿನವಾಗಿತ್ತು. ಆದರೂ ಶಿಕ್ಷಕಿಯಲ್ಲವೇ, ಕೇಳಬೇಕಾದದ್ದನ್ನು ಕೇಳಿಯೇ ಬಿಟ್ಟಳು. “ಅಪ್ಪಾ, ಮುಂದ ಖರೇನ ಮರೆವು ಬಂದ್ರ?”

“ಬಂದ್ರ ನನ್ನ ಮಾರಿ ನೋಡಿ ಹೇಳು. ಫೋನಿನ್ಯಾಗ ನಿಮ್ಮ ಅತ್ತಿ ಮುಂದ ಹೇಳಬ್ಯಾಡ. ನಾನೂ ಮುಚ್ಚಿ ಇಡೂದಿಲ್ಲ. ಅವತ್ತ ಉಳಿದದ್ದನ್ನೂ ಲಾವಣಿಗೆ ಕೊಡೂಣು.”

“ಹೂಂ,” ಎಂದಳು ಮಗಳು. “ನೀ ಹೇಳಿದಂಗ.”

ಹೊತ್ತು ನೆತ್ತಿಗೇರಿತ್ತು. ಲಾವಣಿಗೆ ಒಪ್ಪಿದ ಗೆಳೆಯ ಇನ್ನೂ ಗಿಡಗಳ ವಯಸ್ಸಿನ ಬಗ್ಗೆ ವಾದ ಮಾಡುವವನಿದ್ದ. ತಮ್ಮ ಹೆಗಲ ಮೇಲಿನ ಟವಲು ಕೊಡವಿ ಎದ್ದ. “ಮಾತು ಮುಗೀತಲ್ಲ? ನನಗ ನಿದ್ದಿ ಬರಾಕತ್ತೈತಿ. ಚಹಾ ಕುಡದ ಹೋಗು,” ಎಂದು ಹೇಳಿ ಒಳಗೆ ಹೋದ. ನಾವು ದನಿ ತಗ್ಗಿಸಿ ಮಾತು ಮುಂದುವರಿಸಿದೆವು.